ಇಲ್ಲದವರನ್ನು ಹೋಲಿಸಿದರೆ ನಿಜವೋ, ಸುಳ್ಳೋ?

ಕರ್ನಾಟಕಕ್ಕೆ ಇದುವರೆಗೆ ಒಬ್ಬ ಮಹಿಳೆಯೂ ಮುಖ್ಯಮಂತ್ರಿಯಾಗಿಲ್ಲ. ಉತ್ತರ ಪ್ರದೇಶದಲ್ಲಿ ಸುಚೇತಾ ಕೃಪಲಾನಿ 1963ರಲ್ಲೇ ಆ ಹುದ್ದೆಗೇರಿ ದೇಶದ ಮೊದಲ ಮಹಿಳಾ ಮುಖ್ಯಮಂತ್ರಿ ಎನಿಸಿದರು. ನಮ್ಮಲ್ಲಿ ಆ ಪಟ್ಟಿ ಇನ್ನೂ ಖಾಲಿ. ಈಗ ಈ ವಾಕ್ಯವನ್ನು ಗಮನಿಸಿ: ‘ಕರ್ನಾಟಕದ ಮಹಿಳಾ ಮುಖ್ಯಮಂತ್ರಿಗಳೆಲ್ಲರೂ ದೇವರಾಜ ಅರಸು ಅವರಿಗಿಂತ ಹೆಚ್ಚು ಕಾಲ ಅಧಿಕಾರದಲ್ಲಿದ್ದರು.’ ಇದು ನಿಜವೋ, ಸುಳ್ಳೋ? ಸುಳ್ಳು ಎಂದು ಕೆಲವರು ಹೇಳಿಯಾರು, ಅರ್ಥವಿಲ್ಲದ ಮಾತು ಎಂದು ಇನ್ನು ಕೆಲವರು. ಗಣಿತ ತರ್ಕದ ಉತ್ತರ ಬೇರೆ: ನಿಜ. ‘ಹೆಚ್ಚು ಕಾಲ’ ತೆಗೆದು ‘ಕಡಿಮೆ ಕಾಲ’ ಎಂದು ಬರೆದರೂ ನಿಜ.

ತರ್ಕಶಾಸ್ತ್ರ ಇಲ್ಲಿ ಮಾತಿನ ಚಮತ್ಕಾರ ಮಾಡುತ್ತಿದೆ ಎಂಬ ಅನುಮಾನ ಬರುವುದು ಸಹಜ. ಆದರೆ ಈ ಉತ್ತರದ ಹಿಂದೆ ಎರಡು ಸಾವಿರ ವರ್ಷಗಳ ವಾದವಿದೆ, ಕಂಪ್ಯೂಟರುಗಳಲ್ಲಿ ದಿನವೂ ನಡೆಯುವ ಲೆಕ್ಕವಿದೆ. ನಾವಾಡುವ ಹೋಲಿಕೆಯ ಮಾತಿನಲ್ಲಿ ಎರಡು ಸಂಗತಿಗಳು ಬೆಸೆದುಕೊಂಡಿರುತ್ತವೆ: ಇವರಿಗಿಂತ ಅವರು ಹೆಚ್ಚು ಎಂಬುದು ಒಂದು, ಇವರೂ ಅವರೂ ಇದ್ದಾರೆ ಎಂಬುದು ಇನ್ನೊಂದು. ಆಧುನಿಕ ತರ್ಕ ಈ ಎರಡನ್ನೂ ಬಿಡಿಸಿ ಇಟ್ಟಿತು. ಹಾಗೆ ಬಿಡಿಸಿದ್ದರಿಂದ ಏನು ಸಿಕ್ಕಿತು, ಯಾವ ಎಚ್ಚರ ಬೇಕಾಯಿತು ಎಂಬುದನ್ನು ಒಟ್ಟಾಗಿ ನೋಡುವುದು ಈ ಲೇಖನದ ಉದ್ದೇಶ.

ನಿಯಮಕ್ಕೆ ಮೂರು ಆಧಾರ

ಸದಸ್ಯರೇ ಇಲ್ಲದ ಗಣದ ‘ಎಲ್ಲ’ ಸದಸ್ಯರ ಬಗ್ಗೆ ಏನು ಹೇಳಿದರೂ ಅದು ನಿಜ ಎಂಬುದು ನಿಯಮ. ತರ್ಕಶಾಸ್ತ್ರದವರು ಇದನ್ನು ವ್ಯಾಕ್ಯೂಯಸ್ ಟ್ರೂತ್ ಎನ್ನುತ್ತಾರೆ. ಇಲ್ಲಿ ಬರಿದು ಸತ್ಯ ಎಂದು ಕರೆಯೋಣ.

ಮೊದಲ ಆಧಾರ ಸಿಗುವುದು ನಿರಾಕರಣೆಯಲ್ಲಿ. ‘ಎಲ್ಲರೂ ಹಾಗಿದ್ದಾರೆ’ ಎಂಬ ಮಾತು ಸುಳ್ಳಾಗಬೇಕಾದರೆ ಹಾಗಿಲ್ಲದ ಒಬ್ಬರನ್ನಾದರೂ ತೋರಿಸಬೇಕು. ಮೇಲಿನ ವಾಕ್ಯ ಸುಳ್ಳು ಎನ್ನುವವರು ಅರಸು ಅವರಷ್ಟು ಕಾಲ ಅಥವಾ ಅದಕ್ಕಿಂತ ಕಡಿಮೆ ಕಾಲ ಆಳಿದ ಒಬ್ಬ ಮಹಿಳಾ ಮುಖ್ಯಮಂತ್ರಿಯನ್ನು ಹೆಸರಿಸಬೇಕು. ಅಂಥವರು ಇಲ್ಲ. ಹಾಗಾಗಿ ಮಾತು ಸುಳ್ಳಲ್ಲ. ನಿಜ ಮತ್ತು ಸುಳ್ಳು ಎಂಬ ಎರಡೇ ಬೆಲೆಗಳಿರುವ ತರ್ಕದಲ್ಲಿ ಸುಳ್ಳಲ್ಲದ್ದು ನಿಜ.

ಎರಡನೆಯ ಆಧಾರ ಕಳೆಯುತ್ತಾ ಹೋದರೆ ಕಾಣುತ್ತದೆ. 12, 15, 20 ಇರುವ ಗಣ ತೆಗೆದುಕೊಳ್ಳಿ. ‘ಇದರಲ್ಲಿರುವುದೆಲ್ಲ 10ಕ್ಕಿಂತ ದೊಡ್ಡದು’ ಎಂಬುದು ನಿಜ. 20ನ್ನು ತೆಗೆದರೂ ನಿಜ, 15ನ್ನು ತೆಗೆದರೂ ನಿಜ. ಒಂದು ಸಂಖ್ಯೆಯನ್ನು ತೆಗೆದುಹಾಕಿದ್ದರಿಂದ ಇಂಥ ಮಾತು ಕೆಡುವುದಕ್ಕೆ ಸಾಧ್ಯವೇ ಇಲ್ಲ. ಕೊನೆಗೆ ಉಳಿದ 12ನ್ನೂ ತೆಗೆದಾಗ ಮಾತ್ರ ಅದು ಸುಳ್ಳಾಗುತ್ತದೆ ಎಂದರೆ, ಆ ಕೊನೆಯ ಹೆಜ್ಜೆಗೆಂದೇ ಒಂದು ವಿನಾಯಿತಿ ಬರೆಯಬೇಕು. ಆಮೇಲೆ ಗಣಿತದ ಪ್ರತಿಯೊಂದು ಪ್ರಮೇಯಕ್ಕೂ ಆ ವಿನಾಯಿತಿಯ ಬಾಲ ಅಂಟಿಕೊಳ್ಳುತ್ತದೆ.

ಮೂರನೆಯ ಆಧಾರ ವ್ಯವಹಾರದ್ದು. ‘ಅತಿಕ್ರಮ ಪ್ರವೇಶ ಮಾಡುವವರನ್ನು ಶಿಕ್ಷಿಸಲಾಗುವುದು’ ಎಂಬ ಫಲಕ ಯಾರೂ ಒಳನುಗ್ಗದ ವರ್ಷದಲ್ಲಿ ಸುಳ್ಳಾಗುವುದಿಲ್ಲ. ಯಾರೂ ನುಗ್ಗದಿರಲಿ ಎಂದೇ ಅದನ್ನು ಹಾಕಿರುತ್ತಾರೆ. ಹೊರಗಿನ ಬಲ ತಾಗದ ಕಾಯಗಳ ಬಗ್ಗೆ ನ್ಯೂಟನ್ನನ ಮೊದಲ ನಿಯಮ ಹೇಳುವುದೂ ಇದೇ ಬಗೆಯ ಮಾತು. ಬಲದ ಸೋಂಕೇ ಇಲ್ಲದ ಕಾಯ ವಿಶ್ವದಲ್ಲಿ ಎಲ್ಲೂ ಇರದಿದ್ದರೂ ನಿಯಮ ನಿಯಮವೇ.

ಹೋಲಿಕೆಯಲ್ಲಿ ನಾಲ್ಕು ಬಗೆ

ಹೋಲಿಕೆಯ ಮಾತುಗಳೆಲ್ಲ ಒಂದೇ ಅಚ್ಚಿನವಲ್ಲ. ಖಾಲಿ ಗಣ ಎದುರಾದಾಗ ಒಂದೊಂದೂ ಒಂದೊಂದು ರೀತಿ ನಡೆದುಕೊಳ್ಳುತ್ತದೆ. ‘ಕ’ ಮತ್ತು ‘ಖ’ ಎರಡು ತಂಡಗಳು ಎಂದುಕೊಳ್ಳೋಣ.

ಮೊದಲನೆಯದು ಎಣಿಕೆಯ ಹೋಲಿಕೆ: ‘ಕ ತಂಡಕ್ಕಿಂತ ಖ ತಂಡದಲ್ಲಿ ಹೆಚ್ಚು ಜನರಿದ್ದಾರೆ.’ ಇಲ್ಲಿ ತೊಡಕಿಲ್ಲ. ಖಾಲಿ ತಂಡದ ಎಣಿಕೆ 0. ಉಳಿದ ಯಾವ ತಂಡಕ್ಕಿಂತಲೂ ಅದು ಕಡಿಮೆ.

ಎರಡನೆಯದು ಎಲ್ಲರನ್ನೂ ಎಲ್ಲರೊಂದಿಗೆ ಹೋಲಿಸುವುದು: ‘ಕ ತಂಡದ ಪ್ರತಿಯೊಬ್ಬರೂ ಖ ತಂಡದ ಪ್ರತಿಯೊಬ್ಬರಿಗಿಂತ ಎತ್ತರ.’ ಎರಡರಲ್ಲಿ ಯಾವುದೊಂದು ಖಾಲಿಯಾದರೂ ಇದು ಬರಿದು ಸತ್ಯ.

ಮೂರನೆಯದರಲ್ಲಿ ‘ಪ್ರತಿಯೊಬ್ಬರೂ’ ಮತ್ತು ‘ಒಬ್ಬರಾದರೂ’ ಜೊತೆಗೂಡುತ್ತವೆ: ‘ಕ ತಂಡದ ಪ್ರತಿಯೊಬ್ಬರನ್ನು ತೆಗೆದುಕೊಂಡರೂ, ಅವರಿಗಿಂತ ಎತ್ತರದವರು ಖ ತಂಡದಲ್ಲಿ ಒಬ್ಬರಾದರೂ ಇದ್ದಾರೆ.’ ಕ ಖಾಲಿಯಾದರೆ ಇದು ನಿಜ. ಖ ಖಾಲಿಯಾಗಿ ಕ ತಂಡದಲ್ಲಿ ಜನರಿದ್ದರೆ ಸುಳ್ಳು. ಎರಡನೆಯ ಬಗೆಯಂತೆ ಇದು ಎರಡೂ ಕಡೆಗೆ ಉದಾರವಾಗಿಲ್ಲ.

ನಾಲ್ಕನೆಯದು ಒಬ್ಬರನ್ನು ಅಥವಾ ಒಂದು ಸಂಖ್ಯೆಯನ್ನು ಎತ್ತಿ ಹೇಳುವ ಹೋಲಿಕೆ: ‘ಕ ತಂಡದ ಅತಿ ಗಿಡ್ಡ ಆಟಗಾರನೂ ಖ ತಂಡದ ಅತಿ ಎತ್ತರದ ಆಟಗಾರನಿಗಿಂತ ಎತ್ತರ’, ‘ಕ ತಂಡದ ಸರಾಸರಿ ವಯಸ್ಸು ಹೆಚ್ಚು.’ ತಂಡ ಖಾಲಿಯಾದರೆ ಅತಿ ಗಿಡ್ಡನೂ ಇಲ್ಲ, ಅತಿ ಎತ್ತರದವನೂ ಇಲ್ಲ. ಸರಾಸರಿ ತೆಗೆಯಲು 0ಯನ್ನು 0ಯಿಂದ ಭಾಗಿಸಬೇಕಾಗುತ್ತದೆ, ಅದಕ್ಕೆ ಉತ್ತರವಿಲ್ಲ.

ಎರಡೂ ತಂಡಗಳಲ್ಲಿ ಜನರಿದ್ದಾಗ ಎರಡನೆಯ ಬಗೆಗೂ ಅತಿ ಗಿಡ್ಡ, ಅತಿ ಎತ್ತರದವರ ಈ ಮಾತಿಗೂ ಅರ್ಥ ಒಂದೇ. ಒಂದು ನಿಜವಾದರೆ ಇನ್ನೊಂದೂ ನಿಜ. ಆ ಅಭ್ಯಾಸದಿಂದ ನಾವು ಒಂದರ ಜಾಗದಲ್ಲಿ ಇನ್ನೊಂದನ್ನು ಬಳಸುತ್ತೇವೆ. ತಂಡ ಖಾಲಿಯಾದ ಗಳಿಗೆಯಲ್ಲಿ ಅವುಗಳ ದಾರಿ ಕವಲೊಡೆಯುತ್ತದೆ. ಈ ವಿಷಯದಲ್ಲಿ ಹುಟ್ಟುವ ಗೊಂದಲಗಳ ಬಹುಪಾಲು ಬೇರು ಇರುವುದು ಇಲ್ಲೇ.

ಕ್ರಮ ತಪ್ಪುವ ಜಾಗ

ಎಲ್ಲರನ್ನೂ ಎಲ್ಲರೊಂದಿಗೆ ಹೋಲಿಸುವ ಎರಡನೆಯ ಬಗೆಯನ್ನು ಇನ್ನಷ್ಟು ಹತ್ತಿರದಿಂದ ನೋಡಬೇಕು. ಒಂದು ಗಣದ ಪ್ರತಿ ಸಂಖ್ಯೆಯೂ ಇನ್ನೊಂದು ಗಣದ ಪ್ರತಿ ಸಂಖ್ಯೆಗಿಂತ ಚಿಕ್ಕದಾಗಿದ್ದರೆ ಮೊದಲ ಗಣವೇ ಚಿಕ್ಕದು ಎಂದು ಕರೆಯೋಣ. 7 ಒಂದೇ ಇರುವ ಗಣ ಖಾಲಿ ಗಣಕ್ಕಿಂತ ಚಿಕ್ಕದು, ಏಕೆಂದರೆ ಅಲ್ಲಿ ವಿರೋಧಿಸಲು ಯಾರೂ ಇಲ್ಲ. ಅದೇ ಕಾರಣಕ್ಕೆ ಖಾಲಿ ಗಣ 3 ಒಂದೇ ಇರುವ ಗಣಕ್ಕಿಂತ ಚಿಕ್ಕದು. ಇದಕ್ಕಿಂತ ಅದು ಚಿಕ್ಕದು, ಅದಕ್ಕಿಂತ ಇನ್ನೊಂದು ಚಿಕ್ಕದು ಎಂದಾದರೆ ಸರಪಳಿಯ ತುದಿಗಳಿಗೂ ಅದೇ ಸಂಬಂಧ ಇರಬೇಕಲ್ಲವೇ? ಹಾಗಾದರೆ 7 ಎಂಬುದು 3ಕ್ಕಿಂತ ಚಿಕ್ಕದಾಗಬೇಕು. ಆಗುವುದಿಲ್ಲ. ನಡುವೆ ಖಾಲಿ ಗಣ ಬಂದು ಕೂತದ್ದರಿಂದ ಸರಪಳಿ ತುಂಡಾಯಿತು.

ಇನ್ನೂ ಒಂದು ವಿಚಿತ್ರವಿದೆ. ಖಾಲಿ ಗಣ ತನಗಿಂತ ತಾನೇ ಚಿಕ್ಕದು. ಈ ಗುಣ ಬೇರೆ ಯಾವ ಗಣಕ್ಕೂ ಇಲ್ಲ. ಒಂದೇ ಒಂದು ಸಂಖ್ಯೆ ಒಳಗಿದ್ದರೂ ಆ ಸಂಖ್ಯೆ ತನಗಿಂತ ತಾನು ಚಿಕ್ಕದಾಗಬೇಕಾಗುತ್ತದೆ, ಅದು ಅಸಾಧ್ಯ.

ಹೀಗೆಂದು ನಿಯಮವನ್ನೇ ಕೈಬಿಡಬೇಕಿಲ್ಲ. ಗಣಿತಜ್ಞರ ಮುಂದೆ ಎರಡು ದಾರಿಗಳಿವೆ. ಒಂದು, ‘ಖಾಲಿಯಲ್ಲದ ಗಣಗಳಿಗೆ ಮಾತ್ರ’ ಎಂದು ಮೊದಲೇ ಬರೆದಿಡುವುದು. ಇನ್ನೊಂದು, ಮೂರನೆಯ ಬಗೆಯ ಹೋಲಿಕೆಗೆ ತಿರುಗುವುದು: ಕ ಗಣದ ಪ್ರತಿ ಸಂಖ್ಯೆಗೂ ಅದಕ್ಕೆ ಸಮವಾದ ಅಥವಾ ಅದಕ್ಕಿಂತ ದೊಡ್ಡದಾದ ಒಂದು ಸಂಖ್ಯೆ ಖ ಗಣದಲ್ಲಿದ್ದರೆ ಕ ಕೆಳಗೆ, ಖ ಮೇಲೆ. ಹೀಗೆ ಜೋಡಿಸಿದರೆ ಸರಪಳಿ ಎಲ್ಲೂ ತುಂಡಾಗುವುದಿಲ್ಲ. ಖಾಲಿ ಗಣ ಎಲ್ಲಕ್ಕಿಂತ ಕೆಳಗಿನ ಮೆಟ್ಟಿಲಲ್ಲಿ ನೆಲೆ ನಿಲ್ಲುತ್ತದೆ. ಖ ಗಣದ ಪ್ರತಿ ಸಂಖ್ಯೆಗೂ ಅದನ್ನು ಮೀರದ ಒಂದು ಸಂಖ್ಯೆ ಕ ಗಣದಲ್ಲಿರಬೇಕು ಎಂದು ನಿಯಮವನ್ನು ತಿರುಗಿಸಿದರೆ ಅದೇ ಖಾಲಿ ಗಣ ಎಲ್ಲಕ್ಕಿಂತ ಮೇಲಿನ ಮೆಟ್ಟಿಲಿಗೇರುತ್ತದೆ.

ಇಲ್ಲದವರ ಗರಿಷ್ಠ, ಇಲ್ಲದವರ ಕನಿಷ್ಠ

ನಾಲ್ಕನೆಯ ಬಗೆಗೂ ಗಣಿತ ಒಂದು ಪರಿಹಾರ ಹುಡುಕಿದೆ. ಒಂದು ಗಣದ ಯಾವ ಸಂಖ್ಯೆಯೂ ಮೀರದ ಸಂಖ್ಯೆಗೆ ಆ ಗಣದ ಮೇಲ್ಮಿತಿ ಎನ್ನುತ್ತಾರೆ. ಖಾಲಿ ಗಣಕ್ಕೆ 100 ಮೇಲ್ಮಿತಿ, 0 ಮೇಲ್ಮಿತಿ, −1000 ಕೂಡ ಮೇಲ್ಮಿತಿ. ಎಲ್ಲ ಮೇಲ್ಮಿತಿಗಳಲ್ಲಿ ಚಿಕ್ಕದನ್ನು ಹುಡುಕುತ್ತಾ ಕೆಳಗಿಳಿದರೆ ಎಲ್ಲಿಯೂ ತಡೆ ಸಿಗುವುದಿಲ್ಲ. ಅದಕ್ಕೇ ಖಾಲಿ ಗಣದ ಕನಿಷ್ಠ ಮೇಲ್ಮಿತಿ ಋಣ ಅನಂತ ಎಂದು ಒಪ್ಪಿಕೊಂಡಿದ್ದಾರೆ. ಇದೇ ವಾದವನ್ನು ಮೇಲ್ಮುಖವಾಗಿ ನಡೆಸಿದರೆ ಅದರ ಗರಿಷ್ಠ ಕೆಳಮಿತಿ ಧನ ಅನಂತ. ಮೇಲಿನ ಗಡಿ ಕೆಳಗಿನ ಗಡಿಗಿಂತ ಕೆಳಗಿರುವ ಗಣ ಇದೊಂದೇ.

ಲೆಕ್ಕದ ಲೋಕ ಬದಲಾದರೆ ಈ ಉತ್ತರವೂ ಬದಲಾಗುತ್ತದೆ. 0ಯಿಂದ 100ರ ತನಕ ಅಂಕ ಕೊಡುವ ಪರೀಕ್ಷೆಗೆ ಯಾರೂ ಹಾಜರಾಗಲಿಲ್ಲ ಎನ್ನಿ. ಆ ಅಂಕಗಳ ಲೋಕದಲ್ಲಿ ಖಾಲಿ ಪಟ್ಟಿಯ ಕನಿಷ್ಠ ಮೇಲ್ಮಿತಿ 0, ಗರಿಷ್ಠ ಕೆಳಮಿತಿ 100. ಇವು ಯಾವ ವಿದ್ಯಾರ್ಥಿಯ ಅಂಕಗಳೂ ಅಲ್ಲ. ಲೆಕ್ಕ ಮುಂದೆ ಸಾಗಲೆಂದು ಇಟ್ಟುಕೊಂಡ ಗಡಿಗಳು. ನೈಜ ಸಂಖ್ಯೆಗಳ ಪೂರ್ಣತೆಯ ನಿಯಮದಲ್ಲಿ ‘ಖಾಲಿಯಲ್ಲದ’ ಎಂಬ ಮಾತು ತಪ್ಪದೆ ಇರುತ್ತದೆ. ಸ್ವಾಭಾವಿಕ ಸಂಖ್ಯೆಗಳ ಪ್ರತಿ ಉಪಗಣಕ್ಕೂ ಅತಿ ಚಿಕ್ಕ ಸದಸ್ಯ ಉಂಟು ಎನ್ನುವಾಗಲೂ ಅದೇ ಮಾತು ಬರುತ್ತದೆ. ವಿದ್ಯಾರ್ಥಿಗಳು ಅದನ್ನು ಓದಿ ಮುಂದೆ ಹೋಗಿಬಿಡುತ್ತಾರೆ. ಆದರೆ ಅದನ್ನು ತೆಗೆದರೆ ನಿಯಮವೇ ಸುಳ್ಳಾಗುತ್ತದೆ.

ಅರಿಸ್ಟಾಟಲನಿಂದ ಝರ್ಮೆಲೊ ತನಕ

ಅರಿಸ್ಟಾಟಲನ ಪರಂಪರೆಯ ತರ್ಕದಲ್ಲಿ ‘ಎಲ್ಲ ಕಗಳೂ ಖಗಳು’ ಎಂದರೆ ‘ಕೆಲವು ಕಗಳು ಖಗಳು’ ಎಂದು ನೇರವಾಗಿ ತೀರ್ಮಾನಿಸಬಹುದಿತ್ತು. ಕ ಎಂಬುದು ಇದೆ ಎಂಬ ಒಪ್ಪಿಗೆ ಮಾತಿನೊಳಗೇ ಇತ್ತು. 19ನೇ ಶತಮಾನದಲ್ಲಿ ಆ ಒಪ್ಪಿಗೆ ಸಡಿಲವಾಯಿತು. ಜಾರ್ಜ್ ಬೂಲ್ 1847 ಮತ್ತು 1854ರ ಕೃತಿಗಳಲ್ಲಿ ತರ್ಕವನ್ನು ಬೀಜಗಣಿತದಂತೆ ನಡೆಸಿದಾಗ ಏನೂ ಇಲ್ಲದ ವರ್ಗಕ್ಕೆ 0 ಎಂಬ ಗುರುತು ಕೊಟ್ಟ. 1874ರಲ್ಲಿ ಫ್ರಾನ್ಸ್ ಬ್ರೆಂಟಾನೊ, ‘ಎಲ್ಲ ಮನುಷ್ಯರೂ ಮರ್ತ್ಯರು’ ಎಂದರೆ ‘ಅಮರನಾದ ಮನುಷ್ಯನಿಲ್ಲ’ ಎಂದಷ್ಟೇ ಅರ್ಥ ಎಂದು ವಾದಿಸಿದ. ಜಾನ್ ವೆನ್ 1880ರಲ್ಲಿ ಬಳಕೆಗೆ ತಂದ ಚಿತ್ರಗಳಲ್ಲಿ ಇದನ್ನು ಕಣ್ಣಾರೆ ಕಾಣಬಹುದು: ‘ಎಲ್ಲ’ ಎಂಬ ಮಾತಿಗೆ ಅಲ್ಲಿ ಮಾಡುವುದಿಷ್ಟೇ, ಖಾಲಿ ಇರುವ ಭಾಗಕ್ಕೆ ಮಸಿ ಬಳಿಯುವುದು. ಉಳಿದ ಭಾಗದಲ್ಲಿ ಯಾರಾದರೂ ಇದ್ದಾರೆ ಎಂದು ಚಿತ್ರ ಎಲ್ಲೂ ಹೇಳುವುದಿಲ್ಲ.

ಎಲ್ಲರೂ ಇದನ್ನು ಒಪ್ಪಲಿಲ್ಲ. ಆಲಿಸಳ ಕಥೆಗಳನ್ನು ಬರೆದ ಲೂಯಿಸ್ ಕ್ಯಾರಲ್ ಗಣಿತದ ಅಧ್ಯಾಪಕ. 1896ರ ತನ್ನ ತರ್ಕಗ್ರಂಥದಲ್ಲಿ ಅವನು ‘ಎಲ್ಲ’ ಎಂದರೆ ಇರುವಿಕೆಯೂ ಸೇರಿತು ಎಂಬ ಹಳೆಯ ಪಕ್ಷವನ್ನೇ ಹಿಡಿದ. ಆದರೆ ಗೆದ್ದದ್ದು ಹೊಸ ಪಕ್ಷ. ಹೊಸ ಓದಿನಲ್ಲಿ ಹಳೆಯ 24 ಅನುಮಾನ ರೂಪಗಳಲ್ಲಿ 15 ಮಾತ್ರ ಉಳಿದುಕೊಂಡವು. ಉಳಿದ 9ಕ್ಕೆ ‘ಅಂಥದ್ದೊಂದು ಇದೆ’ ಎಂಬ ಮಾತನ್ನು ಬೇರೆಯಾಗಿ ಸೇರಿಸಬೇಕಾಯಿತು. ಅರ್ನ್ಸ್ಟ್ ಝರ್ಮೆಲೊ 1908ರಲ್ಲಿ ಗಣಸಿದ್ಧಾಂತಕ್ಕೆ ಮೂಲನಿಯಮಗಳನ್ನು ಬರೆದಾಗ ಖಾಲಿ ಗಣವನ್ನು ಕಲ್ಪಿತ ಎಂಬ ವಿಶೇಷಣದೊಂದಿಗೇ ಒಳಗೆ ಬಿಟ್ಟುಕೊಂಡ. ಇಂದು ಪಠ್ಯಗಳಲ್ಲಿ ಕಾಣುವ ∅ ಗುರುತು ಬಂದದ್ದು ಇನ್ನೂ ತಡವಾಗಿ, 1939ರಲ್ಲಿ. ನಾರ್ವೇಜಿಯನ್ ಲಿಪಿಯ ಅಕ್ಷರವೊಂದರಿಂದ ಅದನ್ನು ಆರಿಸಿದವನು ಫ್ರಾನ್ಸಿನ ಬೂರ್ಬಾಕಿ ಬಳಗದ ಆಂದ್ರೆ ವೇಯ್.

ಮೊಲದ ಕೊಂಬಿನ ವಾದ

ಇದೇ ಪ್ರಶ್ನೆಯನ್ನು ಭಾರತದ ತಾರ್ಕಿಕರು ಬಹಳ ಹಿಂದೆಯೇ ಎತ್ತಿಕೊಂಡಿದ್ದರು. ಅನ್ನಂಭಟ್ಟನ ‘ತರ್ಕಸಂಗ್ರಹ’ ಓದಿದವರಿಗೆ ಆಶ್ರಯಾಸಿದ್ಧಿ ಎಂಬ ಹೇತುದೋಷ ಗೊತ್ತಿರುತ್ತದೆ. ಆಕಾಶದ ತಾವರೆ ಪರಿಮಳವುಳ್ಳದ್ದು, ಏಕೆಂದರೆ ಅದೂ ತಾವರೆಯೇ ಎಂದು ವಾದಿಸಿದರೆ ನ್ಯಾಯಶಾಸ್ತ್ರ ಅದನ್ನು ತಳ್ಳಿಹಾಕುತ್ತದೆ. ಯಾವುದರ ಬಗ್ಗೆ ಮಾತೋ ಅದೇ ಇಲ್ಲದಿರುವಾಗ ಗುಣ ನಿಲ್ಲುವುದಕ್ಕೆ ಆಶ್ರಯವಿಲ್ಲ ಎಂಬುದು ಅದರ ನಿಲುವು.

ಬೌದ್ಧರಿಗೆ ಇದು ಒಪ್ಪಿಗೆಯಾಗುವಂತಿರಲಿಲ್ಲ. ಇರುವುದೆಲ್ಲ ಕ್ಷಣಿಕ ಎಂದು ಸಾಧಿಸಲು ಅವರು ಮಾತನ್ನು ತಿರುಗಿಸಿ ಹೇಳುತ್ತಿದ್ದರು: ಕ್ಷಣಿಕವಲ್ಲದ್ದು ಯಾವುದೂ ಕೆಲಸ ಮಾಡಲಾರದು, ಮೊಲದ ಕೊಂಬಿನಂತೆ. ಅವರ ಸಿದ್ಧಾಂತದ ಪ್ರಕಾರ ಕ್ಷಣಿಕವಲ್ಲದ ವಸ್ತುಗಳ ಗುಂಪೇ ಖಾಲಿ. ಆ ಖಾಲಿ ಗುಂಪಿನ ಬಗ್ಗೆ ಮಾತಾಡುವ ಹಕ್ಕು ಅವರಿಗೆ ಬೇಕೇಬೇಕಿತ್ತು. ಜ್ಞಾನಶ್ರೀಮಿತ್ರ ಆ ಹಕ್ಕನ್ನು ಸಮರ್ಥಿಸಿದ; ‘ಆತ್ಮತತ್ತ್ವವಿವೇಕ’ದಲ್ಲಿ ಉದಯನಾಚಾರ್ಯ ಅದನ್ನು ಎದುರಿಸಿದ. ಈ ಚರ್ಚೆಗೆ ಸಾವಿರ ವರ್ಷವಾಗಿದೆ. ಬೂಲ್ ಮತ್ತು ಬ್ರೆಂಟಾನೊ ಹಿಡಿದ ಪಕ್ಷ ಬೌದ್ಧರ ಕಡೆಗೆ ವಾಲುತ್ತದೆ. ದಿನಬಳಕೆಯ ಮಾತಿನ ಒಲವು ನೈಯಾಯಿಕರ ಕಡೆಗಿದೆ.

ಆಡುಮಾತು ಏಕೆ ಒಪ್ಪುವುದಿಲ್ಲ

20ನೇ ಶತಮಾನದಲ್ಲಿ ಆ ಒಲವಿಗೂ ಗಟ್ಟಿಯಾದ ವಕಾಲತ್ತು ಸಿಕ್ಕಿತು. ಅರಸನೇ ಇಲ್ಲದ ‘ಫ್ರಾನ್ಸಿನ ಈಗಿನ ಅರಸ’ನ ಬಗೆಗಿನ ಮಾತು ಸುಳ್ಳು ಎಂದು 1905ರಲ್ಲಿ ಬರ್ಟ್ರಂಡ್ ರಸೆಲ್ ತೀರ್ಪು ಕೊಟ್ಟಿದ್ದ. 1950ರಲ್ಲಿ ಪಿ. ಎಫ್. ಸ್ಟ್ರಾಸನ್ ಅದನ್ನು ಪ್ರಶ್ನಿಸಿದ. ಅಂಥ ಮಾತು ನಿಜವೂ ಅಲ್ಲ, ಸುಳ್ಳೂ ಅಲ್ಲ. ಅರಸನಿದ್ದಾನೆ ಎಂಬ ಪೂರ್ವಗ್ರಹಿಕೆ ಕುಸಿದ ಮೇಲೆ ನಿಜ ಸುಳ್ಳಿನ ಪ್ರಶ್ನೆಯೇ ಏಳುವುದಿಲ್ಲ ಎಂಬುದು ಅವನ ವಾದ. ನಮ್ಮ ನಾಲ್ಕನೆಯ ಬಗೆಯ ಹೋಲಿಕೆಗಳಿಗೆ ಇದು ಚೆನ್ನಾಗಿ ಹೊಂದುತ್ತದೆ.

ಇನ್ನೊಂದು ವಿವರಣೆ ಪಾಲ್ ಗ್ರೈಸ್‌ನದು. 1967ರ ಉಪನ್ಯಾಸಗಳಲ್ಲಿ ಅವನು ತೋರಿಸಿಕೊಟ್ಟಂತೆ, ಮಾತು ಹೇಳುವುದು ಒಂದು, ಕೇಳುಗ ಅದರಿಂದ ಊಹಿಸಿಕೊಳ್ಳುವುದು ಇನ್ನೊಂದು. ‘ನನ್ನ ಮಕ್ಕಳೆಲ್ಲರೂ ನಿಮ್ಮ ಮಗನಿಗಿಂತ ಹೆಚ್ಚು ಅಂಕ ತೆಗೆದಿದ್ದಾರೆ’ ಎಂದು ಮಕ್ಕಳಿಲ್ಲದವರೊಬ್ಬರು ಹೇಳಿದರೆ ತರ್ಕದ ಪ್ರಕಾರ ಅದು ಸುಳ್ಳಲ್ಲ. ಆದರೆ ‘ನನಗೆ ಮಕ್ಕಳಿಲ್ಲ’ ಎಂಬ ಹೆಚ್ಚು ಉಪಯುಕ್ತವಾದ ಮಾತು ಕೈಯಲ್ಲಿದ್ದೂ ಅದನ್ನು ಬಿಟ್ಟು ಇದನ್ನು ಆಡಿದ್ದು ಸಂಭಾಷಣೆಯ ಸಹಕಾರಕ್ಕೆ ಮಾಡಿದ ದ್ರೋಹ. ಕೇಳುಗನನ್ನು ಕೆರಳಿಸುವುದು ಈ ದ್ರೋಹ. ನನಗೆ ಗ್ರೈಸ್‌ನ ವಿವರಣೆ ಹೆಚ್ಚು ಸರಿ ಎನಿಸುತ್ತದೆ. ‘ಎಲ್ಲ’ ಎಂಬ ಮಾತಿಗೆ ಎರಡು ಅರ್ಥ ಕಟ್ಟಬೇಕಾಗಿಲ್ಲ. ಅರ್ಥ ಒಂದೇ, ಅದನ್ನು ಆಡುವವರ ಮೇಲಿನ ಹೊಣೆ ಹೆಚ್ಚು.

ಖಾಲಿಯಿಂದ ಹುಟ್ಟಿದ ಸಂಖ್ಯೆಗಳು

ಈ ನಿಯಮದ ಫಲವತ್ತತೆಗೆ ಜಾನ್ ಕಾನ್ವೇಯ ಸರ್ರಿಯಲ್ ಸಂಖ್ಯೆಗಳಿಗಿಂತ ಒಳ್ಳೆಯ ಸಾಕ್ಷಿ ನನಗೆ ಗೊತ್ತಿಲ್ಲ. ಡೊನಾಲ್ಡ್ ಕ್ನೂತ್ 1974ರಲ್ಲಿ ಇವುಗಳ ಮೇಲೆ ಒಂದು ಕಿರು ಕಾದಂಬರಿಯನ್ನೇ ಬರೆದ. ಕಾನ್ವೇಯ ಗ್ರಂಥ 1976ರಲ್ಲಿ ಬಂತು. ಇಲ್ಲಿ ಪ್ರತಿ ಸಂಖ್ಯೆಯೂ ಎರಡು ಗಣಗಳ ಜೋಡಿ: ಎಡದಲ್ಲೊಂದು, ಬಲದಲ್ಲೊಂದು. ಎಡದ ಯಾವುದೂ ಬಲದ ಯಾವುದಕ್ಕೂ ಸಮವಾಗಿರಬಾರದು, ಅದಕ್ಕಿಂತ ದೊಡ್ಡದಾಗಿಯೂ ಇರಬಾರದು.

ಆರಂಭದಲ್ಲಿ ಸಂಖ್ಯೆಗಳೇ ಇಲ್ಲ. ಹಾಗಾಗಿ ಎಡವೂ ಖಾಲಿ, ಬಲವೂ ಖಾಲಿ. ನಿಯಮ ಮುರಿಯುವವರೇ ಇಲ್ಲವಾದ್ದರಿಂದ ಜೋಡಿ ಊರ್ಜಿತ. ಅದೇ 0. ಈಗ 0ಯನ್ನು ಎಡದಲ್ಲಿಟ್ಟು ಬಲವನ್ನು ಖಾಲಿ ಬಿಟ್ಟರೆ 1. ಬಲದಲ್ಲಿಟ್ಟು ಎಡವನ್ನು ಖಾಲಿ ಬಿಟ್ಟರೆ −1. 0 ಎಂಬುದು 1ನ್ನು ಮೀರುವುದಿಲ್ಲ ಎನ್ನಲು ಎರಡು ತಪಾಸಣೆಗಳಿವೆ: 0ಯ ಎಡದಲ್ಲಿ 1ಕ್ಕೆ ಸಮ ಅಥವಾ ದೊಡ್ಡದಾದದ್ದು ಇರಬಾರದು, 1ರ ಬಲದಲ್ಲಿ 0ಗೆ ಸಮ ಅಥವಾ ಚಿಕ್ಕದಾದದ್ದು ಇರಬಾರದು. ಎರಡೂ ಜಾಗ ಖಾಲಿ, ಎರಡೂ ತಪಾಸಣೆ ಪಾಸು. ತಿರುಗಿಸಿ 1 ಎಂಬುದು 0ಯನ್ನು ಮೀರುವುದಿಲ್ಲವೇ ಎಂದು ಕೇಳಿದರೆ, 1ರ ಎಡದಲ್ಲಿ ಕೂತಿರುವ 0ಯೇ ಅಡ್ಡ ಬರುತ್ತದೆ. ಆದ್ದರಿಂದ 0 ಚಿಕ್ಕದು, 1 ದೊಡ್ಡದು. ಹೀಗೆ ಕಟ್ಟುತ್ತಾ ಹೋದರೆ ಭಿನ್ನರಾಶಿಗಳು, ನೈಜ ಸಂಖ್ಯೆಗಳು, ಅನಂತಗಳು ಎಲ್ಲವೂ ಬರುತ್ತವೆ. ಇಡೀ ಕಟ್ಟಡದ ಮೊದಲ ಕಲ್ಲು ಖಾಲಿ ಗಣಗಳ ನಡುವಿನ ಹೋಲಿಕೆ. ಅದನ್ನು ಅರ್ಥವಿಲ್ಲದ ಮಾತೆಂದು ತಳ್ಳಿದ್ದರೆ ಕಟ್ಟಡ ಏಳುತ್ತಲೇ ಇರಲಿಲ್ಲ.

ಕಂಪ್ಯೂಟರಿನ ಮುಂದೆ

ತಂತ್ರಾಂಶದ ಕೆಲಸದಲ್ಲಿರುವವರಿಗೆ ಇದು ತತ್ತ್ವದ ಮಾತಲ್ಲ, ದಿನದ ಕೆಲಸ. ಡೇಟಾಬೇಸುಗಳ ಎಸ್‌ಕ್ಯೂಎಲ್ ಭಾಷೆಯಲ್ಲಿ ‘ಆ ವಿಭಾಗದ ಎಲ್ಲರ ಸಂಬಳಕ್ಕಿಂತ ಹೆಚ್ಚು ಸಂಬಳ ಇರುವವರು ಯಾರು’ ಎಂದು ಎರಡು ರೀತಿ ಕೇಳಬಹುದು. ‘ಆಲ್’ ಎಂಬ ಪದ ಬಳಸಿ ಎಲ್ಲರೊಂದಿಗೆ ಹೋಲಿಸುವುದು ಒಂದು. ‘ಮ್ಯಾಕ್ಸ್’ ಬಳಸಿ ಆ ವಿಭಾಗದ ಗರಿಷ್ಠ ಸಂಬಳದೊಂದಿಗೆ ಹೋಲಿಸುವುದು ಇನ್ನೊಂದು. ವಿಭಾಗದಲ್ಲಿ ಜನರಿದ್ದು ಎಲ್ಲರ ಸಂಬಳವೂ ದಾಖಲಾಗಿದ್ದರೆ ಎರಡೂ ಒಂದೇ ಪಟ್ಟಿ ಕೊಡುತ್ತವೆ. ವಿಭಾಗ ಖಾಲಿಯಾದರೆ ಮೊದಲನೆಯದು ಸಂಸ್ಥೆಯ ಎಲ್ಲ ನೌಕರರನ್ನೂ ಪಟ್ಟಿ ಮಾಡುತ್ತದೆ. ಎರಡನೆಯದು ಒಬ್ಬರನ್ನೂ ಕೊಡುವುದಿಲ್ಲ. ಖಾಲಿ ಪಟ್ಟಿಯ ಗರಿಷ್ಠ ‘ನಲ್’, ಅದರೊಂದಿಗಿನ ಹೋಲಿಕೆ ಅಲ್ಲಿ ‘ತಿಳಿಯದು’ ಎಂದಾಗುತ್ತದೆ. ಎರಡನೆಯ ಮತ್ತು ನಾಲ್ಕನೆಯ ಬಗೆಗಳು ಕವಲೊಡೆಯುವುದನ್ನು ಇಷ್ಟು ಸ್ಪಷ್ಟವಾಗಿ ತೋರಿಸುವ ಉದಾಹರಣೆ ಬೇರೆ ಸಿಗದು.

ಭಾಷೆಗಳ ನಿರ್ಧಾರಗಳೂ ಬೇರೆಬೇರೆ. ಖಾಲಿ ಪಟ್ಟಿಯ ಗರಿಷ್ಠ ಕೇಳಿದರೆ ಪೈಥಾನ್ ದೋಷ ಎಂದು ನಿಲ್ಲಿಸುತ್ತದೆ; ಆದರೆ 3.4ನೇ ಆವೃತ್ತಿಯಿಂದೀಚೆಗೆ, ಪಟ್ಟಿ ಖಾಲಿಯಾದರೆ ಏನು ಕೊಡಬೇಕೆಂದು ಬರೆಯುವವರೇ ಮೊದಲು ಹೇಳಿಡಬಹುದು. ಜಾವಾಸ್ಕ್ರಿಪ್ಟ್ ಗಣಿತಜ್ಞರ ದಾರಿ ಹಿಡಿದು ಋಣ ಅನಂತ ಎನ್ನುತ್ತದೆ. ಸ್ಟ್ರಾಸನ್ನನ ಪಕ್ಷ ಒಂದರಲ್ಲಿ, ಗಣಿತದ ಪಕ್ಷ ಇನ್ನೊಂದರಲ್ಲಿ ನೆಲೆಸಿದೆ. ಆದರೆ ‘ಎಲ್ಲವೂ ಹೀಗಿವೆಯೇ’ ಎಂದು ಖಾಲಿ ಪಟ್ಟಿಯನ್ನು ಕೇಳಿದರೆ ಎರಡು ಭಾಷೆಗಳ ಉತ್ತರವೂ ‘ಹೌದು’ ಎಂದೇ.

ತೀರ್ಮಾನ

ಇಷ್ಟನ್ನು ಒಟ್ಟಾಗಿ ನೋಡಿದಾಗ ನನ್ನ ತೀರ್ಮಾನ ಹೀಗಿದೆ. ‘ಎಲ್ಲ’ ಎಂದು ತೊಡಗುವ ಹೋಲಿಕೆಗಳು ಖಾಲಿ ಗಣದಲ್ಲಿ ನಿಜ ಎಂಬ ನಿಯಮ ಸರಿ. ಅದನ್ನು ಬಿಟ್ಟರೆ ಗಣಿತ ತೊಡರುತ್ತದೆ. ‘ಅತ್ಯಂತ’, ‘ಸರಾಸರಿ’ ಎಂಬ ಹೋಲಿಕೆಗಳು ಇರುವಿಕೆಯನ್ನು ಬೇಡುತ್ತವೆ; ಅಲ್ಲಿ ಖಾಲಿ ಗಣಕ್ಕೆ ಬೆಲೆ ಕೊಡುವುದಾದರೆ ಯಾವ ಲೋಕದಲ್ಲಿ, ಯಾವ ಉದ್ದೇಶಕ್ಕೆ ಎಂದು ಮೊದಲೇ ಹೇಳಬೇಕು. ಈ ವ್ಯತ್ಯಾಸ ತಿಳಿಯದಿದ್ದರೆ ಅಂಕಿಅಂಶಗಳು ನಮ್ಮನ್ನು ಸುಳ್ಳಾಡದೆಯೇ ದಾರಿ ತಪ್ಪಿಸಬಲ್ಲವು. ಬುಡಕಟ್ಟಿನ ಒಂದು ಮಗುವೂ ದಾಖಲಾಗದ ಶಾಲೆ, ‘ನಮ್ಮಲ್ಲಿನ ಬುಡಕಟ್ಟು ಮಕ್ಕಳೆಲ್ಲರೂ ಜಿಲ್ಲೆಯ ಸರಾಸರಿಗಿಂತ ಹೆಚ್ಚು ಅಂಕ ಪಡೆದರು’ ಎಂದು ವರದಿ ಬರೆದರೆ ತರ್ಕ ಅದನ್ನು ಹಿಡಿಯಲಾರದು. ಹಿಡಿಯಬೇಕಾದ್ದು ಓದುವವರು.

ಪ್ರಥಮ ಪಿಯುಸಿ ಗಣಿತದ ಮೊದಲ ಅಧ್ಯಾಯವೇ ಗಣಗಳು. ಶೂನ್ಯ ಗಣ, ಅಂದರೆ ಖಾಲಿ ಗಣ, ಪ್ರತಿ ಗಣದ ಉಪಗಣ ಎಂಬ ಸಾಲು ಅಲ್ಲಿದೆ. ಅದನ್ನು ಬಾಯಿಪಾಠ ಮಾಡಿಸಿ ಮುಂದೆ ಹೋಗುವ ಬದಲು, ‘ಇದು ಸುಳ್ಳು ಎನ್ನುವುದಾದರೆ ಯಾರನ್ನು ತೋರಿಸುತ್ತೀರಿ’ ಎಂದು ಮಕ್ಕಳನ್ನು ಒಂದು ಪಿರಿಯಡ್ ಚರ್ಚೆಗೆ ಬಿಡಿ ಎಂದು ಅಧ್ಯಾಪಕರಲ್ಲಿ ಕೇಳಿಕೊಳ್ಳುತ್ತೇನೆ. ಪತ್ರಿಕೆ ಓದುವವರಲ್ಲಿ, ವರದಿ ಬರೆಯುವವರಲ್ಲಿ ಕೇಳಿಕೊಳ್ಳುವುದೂ ಒಂದೇ ಮಾತು: ಯಾರಿಗಿಂತ ಯಾರು ಹೆಚ್ಚು ಎಂದು ನೋಡುವ ಮೊದಲು, ಅವರು ಎಷ್ಟು ಜನ ಇದ್ದಾರೆ ಎಂದು ಕೇಳಿ.